ಅಂತರರಾಷ್ಟ್ರೀಯ ಕಾಯದೆಗೆ ಶಾಸ್ತ್ರವೆಂಬ ಹೆಸರು ಸಲ್ಲುವುದೇ?

(ವಾಚನಾಲಯದ ಅಭ್ಯಾಸ ವರ್ಗಕ್ಕಾಗಿ)



ನಮ್ಮ ವಾಚನಾಲಯದ ಮೇಜಿನ ಮೇಲಿರುವ ಯಾವ ಪತ್ರಿಕೆಯನ್ನೇ ತೆಗೆದು ನೋಡಿರಿ, ವಾರಕ್ಕೊಮ್ಮೆಯಾದರೂ ಒಂದು ಮಾತು ಕಣ್ಣಿಗೆ ಬೀಳುತ್ತದೆ. ಇಂಥ ದೇಶವು ಅಂತರರಾಷ್ಟ್ರೀಯ ಕಾಯದೆಯನ್ನು ಮುರಿಯಿತೆಂದು ಒಬ್ಬರು ಹೇಳಿದರೆ, ನಾವು ಕಾಯದೆಯಂತೆಯೇ ನಡೆದಿದ್ದೇವೆಂದು ಇನ್ನೊಬ್ಬರು ಹೇಳುತ್ತಾರೆ. ಓದಿದವರಲ್ಲಿ ಎರಡು ಅಭಿಪ್ರಾಯಗಳು ಹುಟ್ಟುತ್ತವೆ. “ದೊಡ್ಡ ದೇಶಗಳು ಮನಸ್ಸಿಗೆ ಬಂದದ್ದನ್ನು ಮಾಡುತ್ತವೆ, ಸಣ್ಣವು ಕಾಯದೆ ಕಾಯದೆ ಎಂದು ಕೂಗುತ್ತವೆ, ಬಡವನ ಸಿಟ್ಟು ದವಡೆಗೆ ಮೂಲ” ಎಂಬುದು ಒಂದು. “ಅದು ಹೇಗ್ ನಗರದ ಪಂಡಿತರಿಗೆ ತಿಳಿದ ಗಹನ ವಿದ್ಯೆ, ನಮ್ಮಂಥವರಿಗೆ ನಿಲುಕದು” ಎಂಬುದು ಇನ್ನೊಂದು. ಮೊದಲನೆಯವರು ಅದನ್ನು ಕಸವೆಂದು ಹೊರಗೆ ಎಸೆದರು. ಎರಡನೆಯವರು ದೇವರ ಗೂಡಿನಲ್ಲಿಟ್ಟು ಕೈಮುಗಿದರು. ಬಿಚ್ಚಿ ನೋಡಿದವರು ಇಬ್ಬರಲ್ಲಿ ಯಾರೂ ಇಲ್ಲ.

ಈ ಲೇಖಕನು ವಕೀಲಿ ಓದಿದವನಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವನು. ಆದರೆ ಲೆಕ್ಕ ಬರೆಯುವವನಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಯಾವ ರಕಮು ಎದುರಿಗೆ ಬಂದರೂ “ಇದಕ್ಕೆ ಪಾವತಿ ಎಲ್ಲಿದೆ?” ಎಂದು ಕೇಳುವುದು. ರಾಷ್ಟ್ರಗಳ ಕಾಯದೆಯ ವಿಷಯದಲ್ಲಿಯೂ ಅದೇ ಪ್ರಶ್ನೆಯನ್ನು ಕೇಳಬಹುದೇ, ಕೇಳಿದರೆ ಉತ್ತರ ಸಿಕ್ಕುವುದೇ ಎಂಬುದನ್ನು ಈ ಪಾಠದಲ್ಲಿ ನೋಡೋಣ. ಉತ್ತರ ಸಿಕ್ಕುವುದಾದರೆ ಅದಕ್ಕೆ ಶಾಸ್ತ್ರವೆಂಬ ಹೆಸರು ಸಲ್ಲುತ್ತದೆ. ಸಿಕ್ಕದಿದ್ದರೆ ಅದು ಬರಿಯ ಮಾತಿನ ವ್ಯಾಪಾರ.

೧. ಮೊದಲು ಮಾತಿನ ಅರ್ಥ

ಇಂಗ್ಲಿಷಿನ ‘ಸಾಯನ್ಸ್’ ಎಂಬ ಒಂದು ಮಾತಿಗೆ ಕನ್ನಡದಲ್ಲಿ ಎರಡು ಮಾತುಗಳಿವೆ: ವಿಜ್ಞಾನ ಮತ್ತು ಶಾಸ್ತ್ರ. ಭೌತಶಾಸ್ತ್ರವನ್ನು ಭೌತವಿಜ್ಞಾನವೆಂದೂ ಕರೆಯುತ್ತೇವೆ. ಆದರೆ ವ್ಯಾಕರಣಶಾಸ್ತ್ರ, ಸಂಗೀತಶಾಸ್ತ್ರಗಳನ್ನು ವಿಜ್ಞಾನವೆಂದು ಕರೆಯುವ ರೂಢಿ ನಮ್ಮಲ್ಲಿಲ್ಲ. ಏಕೆ? ವಿಜ್ಞಾನವು ಪ್ರಕೃತಿಯಲ್ಲಿ ಇರುವುದನ್ನು ಅರಿಯುತ್ತದೆ. ಶಾಸ್ತ್ರವು ಮನುಷ್ಯರು ತಮ್ಮ ನಡೆಯಲ್ಲಿ ಕಟ್ಟಿಕೊಂಡ ನಿಯಮಗಳನ್ನು ಹುಡುಕಿ, ಕ್ರಮಪಡಿಸಿ, ಕಾರಣ ಸಹಿತ ಹೇಳುತ್ತದೆ. ಶಾಸನ, ಶಾಸ್ತ್ರ ಎರಡಕ್ಕೂ ಮೂಲ ಧಾತು ಒಂದೇ. ಆದರೆ ಶಾಸನವೆಂದರೆ ಅಪ್ಪಣೆ, ಶಾಸ್ತ್ರವೆಂದರೆ ಕ್ರಮಬದ್ಧವಾದ ತಿಳಿವಳಿಕೆ.

ವ್ಯಾಕರಣದ ಉದಾಹರಣೆ ನಮಗೆ ಹತ್ತಿರದ್ದು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ಬರೆದಾಗ ಕನ್ನಡವನ್ನು ಅವನು ಹುಟ್ಟಿಸಲಿಲ್ಲ. ತನಗಿಂತ ಹಿಂದಿನ ಕವಿಗಳ ಪ್ರಯೋಗಗಳನ್ನು ಕೂಡಿಹಾಕಿ, ಅವುಗಳೊಳಗಿನ ನಿಯಮವನ್ನು ತೆಗೆದು ಸೂತ್ರ ಮಾಡಿದನು. ಸೂತ್ರಕ್ಕೆ ಕವಿಪ್ರಯೋಗವನ್ನು ಸಾಕ್ಷಿಯಾಗಿ ಕೊಟ್ಟನು. ಜನರು ತಪ್ಪು ಕನ್ನಡ ಮಾತನಾಡಿದ ಮಾತ್ರಕ್ಕೆ ವ್ಯಾಕರಣ ಸುಳ್ಳಾಗುವುದಿಲ್ಲ. ಆದರೆ ಸೂತ್ರಕ್ಕೆ ಒಬ್ಬ ಕವಿಯ ಸಾಕ್ಷಿಯೂ ಇಲ್ಲವೆಂದು ತೋರಿಸಿಕೊಟ್ಟರೆ ಸೂತ್ರ ಬಿದ್ದುಹೋಗುತ್ತದೆ. ಈ ಭೇದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ನಮಗೆ ಕೈದೀಪ.

ಶಾಸ್ತ್ರ ಎಂಬ ಮಾತಿಗೆ ಬಳಕೆಯಲ್ಲಿ ಇನ್ನೊಂದು ಅರ್ಥವೂ ಇದೆ. ಮನಸ್ಸಿಲ್ಲದೆ, ನಾಲ್ಕು ಜನ ನೋಡಲೆಂದು ಮಾಡಿದ ಕೆಲಸವನ್ನು “ಶಾಸ್ತ್ರಕ್ಕೆ ಮಾಡಿ ಮುಗಿಸಿದರು” ಎನ್ನುತ್ತೇವೆ. ಅಂತರರಾಷ್ಟ್ರೀಯ ಕಾಯದೆಯೂ ಈ ಅರ್ಥದ ಶಾಸ್ತ್ರವೇ ಎಂದು ಹೇಳುವವರಿದ್ದಾರೆ. ಅವರ ಮಾತನ್ನೂ ಮುಂದೆ ವಿಚಾರಿಸೋಣ.

೨. ಹಿಂದಿನವರು ಏನೆಂದರು?

ಈ ವಿದ್ಯೆಯ ಮೂಲಪುರುಷರಲ್ಲಿ ಹಾಲೆಂಡಿನ ಹ್ಯೂಗೋ ಗ್ರೋಶಿಯಸ್‌ನ (೧೫೮೩–೧೬೪೫) ಹೆಸರು ಮೊದಲು ಬರುತ್ತದೆ. ಯುದ್ಧ ಮತ್ತು ಶಾಂತಿಯ ನ್ಯಾಯವನ್ನು ಕುರಿತ ಅವನ ದೊಡ್ಡ ಗ್ರಂಥ ೧೬೨೫ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾಯಿತು. ಗಣಿತಜ್ಞರು ವಸ್ತುವನ್ನು ಬಿಟ್ಟು ಆಕಾರವನ್ನಷ್ಟೇ ವಿಚಾರಿಸುವಂತೆ, ತಾನೂ ಆಗಿನ ಕಾಲದ ಜಗಳಗಳನ್ನು ಬದಿಗಿಟ್ಟು ನ್ಯಾಯವನ್ನು ವಿಚಾರಿಸಿದ್ದೇನೆಂದು ಅದರ ಪೀಠಿಕೆಯಲ್ಲಿ ಅವನು ಹೇಳಿಕೊಂಡಿದ್ದಾನೆ. ಅಂದರೆ ತನ್ನದು ಶಾಸ್ತ್ರವೆಂಬ ಅಭಿಮಾನ ಅವನಿಗೆ ಆಗಲೇ ಇತ್ತು.

‘ಇಂಟರ್‌ನ್ಯಾಶನಲ್’ ಎಂಬ ಇಂಗ್ಲಿಷ್ ಮಾತನ್ನು ಹುಟ್ಟುಹಾಕಿದವನು ಜೆರೆಮಿ ಬೆಂಥಮ್. ೧೭೮೯ರಲ್ಲಿ ಪ್ರಕಟವಾದ ಅವನ ಪುಸ್ತಕದಿಂದ ಅದು ಬಳಕೆಗೆ ಬಂತು. ಅವನ ಅನುಯಾಯಿಯಾದ ಜಾನ್ ಆಸ್ಟಿನ್ ೧೮೩೨ರಲ್ಲಿ ಬುಡಕ್ಕೇ ಕೊಡಲಿ ಹಾಕಿದನು. ಕಾಯದೆಯೆಂದರೆ ಅರಸನ ಅಪ್ಪಣೆ, ಮೀರಿದರೆ ಶಿಕ್ಷೆ. ರಾಷ್ಟ್ರಗಳ ಮೇಲೆ ಅರಸನಿಲ್ಲ. ಆದ್ದರಿಂದ ಇದು ಕಾಯದೆಯಲ್ಲ, ಜನಾಭಿಪ್ರಾಯದ ಬಲದಿಂದ ನಡೆಯುವ ಒಂದು ಬಗೆಯ ನೀತಿ, ಎಂದು ಅವನ ವಾದ.

೧೯೦೮ರಲ್ಲಿ ಲಾಸಾ ಒಪ್ಪೆನ್‌ಹೈಮ್ ಎಂಬ ಪಂಡಿತನು ಈ ಶಾಸ್ತ್ರದ ಕೆಲಸವೇನು, ಅದರ ವಿಧಾನವೇನು ಎಂದು ಒಂದು ಪ್ರಸಿದ್ಧ ಲೇಖನ ಬರೆದನು. ಅದರಲ್ಲಿ ಏಳು ಕೆಲಸಗಳನ್ನು ಎಣಿಸಿದ್ದಾನೆ. ಇರುವ ನಿಯಮಗಳನ್ನು ವಿವರಿಸುವುದು, ಅವುಗಳ ಚರಿತ್ರೆಯನ್ನು ಶೋಧಿಸುವುದು, ಗುಣದೋಷ ವಿಮರ್ಶೆ, ಸಂಹಿತೆಗೆ ಸಿದ್ಧತೆ, ಹಳೆಯ ರೂಢಿಯನ್ನೂ ಹೊಸ ಒಪ್ಪಂದವನ್ನೂ ಬೆರೆಸದೆ ಬೇರೆ ಬೇರೆ ಇಡುವುದು, ಪಂಚಾಯ್ತಿಯಿಂದ ಜಗಳ ತೀರಿಸುವ ಕ್ರಮವನ್ನು ಬೆಳೆಸುವುದು. ಏಳನೆಯದು, ಈ ತಿಳಿವಳಿಕೆಯನ್ನು ಸಾಮಾನ್ಯ ಜನರಿಗೆ ಮುಟ್ಟಿಸುವುದು. ಈ ಏಳನೆಯ ಕೆಲಸವನ್ನು ನಮ್ಮಂಥ ವಾಚನಾಲಯಗಳೂ ಮಾಡಬಹುದು.

೩. ನಿಯಮವನ್ನು ಹುಡುಕುವ ಬಗೆ

ರಾಷ್ಟ್ರಗಳಿಗೆಲ್ಲ ಕಾಯದೆ ಮಾಡಿಕೊಡುವ ಲೋಕಸಭೆಯಿಲ್ಲ. ಹಾಗಾದರೆ ನಿಯಮಗಳು ಎಲ್ಲಿಂದ ಬಂದವು? ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಸಂವಿಧಿಯ ೩೮ನೆಯ ಕಲಮು ಉತ್ತರ ಕೊಡುತ್ತದೆ. ಒಂದು, ರಾಷ್ಟ್ರಗಳು ತಾವೇ ಸಹಿ ಮಾಡಿದ ಒಪ್ಪಂದಗಳು. ಎರಡು, ಕಾಯದೆಯೆಂದು ಒಪ್ಪಿ ನಡೆದುಬಂದ ರೂಢಿ. ಮೂರು, ಎಲ್ಲ ದೇಶಗಳ ಕಾಯದೆಗಳಲ್ಲಿಯೂ ಕಾಣುವ ಸಾಮಾನ್ಯ ತತ್ತ್ವಗಳು. ನ್ಯಾಯಾಲಯಗಳ ತೀರ್ಪುಗಳೂ ದೊಡ್ಡ ಪಂಡಿತರ ಗ್ರಂಥಗಳೂ ನಿಯಮವನ್ನು ಕಂಡುಹಿಡಿಯಲು ಸಹಾಯಕವಾದವು ಮಾತ್ರ. ನಿಯಮವನ್ನು ಅವು ಹುಟ್ಟಿಸಲಾರವು.

ಇವುಗಳಲ್ಲಿ ಒಪ್ಪಂದ ಸುಲಭ, ಕಾಗದ ಎದುರಿಗಿರುತ್ತದೆ. ಕಷ್ಟವಿರುವುದು ರೂಢಿಯಲ್ಲಿ. ರೂಢಿಗೆ ಎರಡು ಲಕ್ಷಣಗಳು ಬೇಕು: ರಾಷ್ಟ್ರಗಳು ಹಾಗೆ ನಡೆದುಕೊಂಡು ಬಂದಿರಬೇಕು, ಮತ್ತು ಹಾಗೆ ನಡೆಯುವುದು ತಮ್ಮ ಕರ್ತವ್ಯವೆಂದು ತಿಳಿದು ನಡೆದಿರಬೇಕು. ಏಕಾದಶಿಯ ದಿನ ಇಬ್ಬರು ಊಟ ಮಾಡಲಿಲ್ಲವೆನ್ನಿರಿ. ಒಬ್ಬನದು ವ್ರತ, ಇನ್ನೊಬ್ಬನ ಮನೆಯಲ್ಲಿ ಅಕ್ಕಿಯಿರಲಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಉಪವಾಸವೇ. ಆದರೆ ಎರಡನೆಯವನನ್ನು ತೋರಿಸಿ “ನೋಡಿರಿ, ಏಕಾದಶಿಯ ನಿಯಮ ಪಾಲಿಸುವವರು ಇಬ್ಬರು” ಎಂದು ಬರೆದುಕೊಂಡರೆ ಲೆಕ್ಕ ತಪ್ಪಾಗುತ್ತದೆ.

ಈ ಹುಡುಕಾಟ ಹೇಗೆ ನಡೆಯುತ್ತದೆಂಬುದಕ್ಕೆ ಬಡ ಮೀನುಗಾರರ ಒಂದು ಖಟ್ಲೆಯನ್ನು ನೋಡೋಣ. ೧೮೯೮ರಲ್ಲಿ ಅಮೇರಿಕಕ್ಕೂ ಸ್ಪೇನಿಗೂ ಯುದ್ಧ ಹತ್ತಿತು. ಕ್ಯೂಬಾ ಆಗ ಸ್ಪೇನಿನ ಕೈಯಲ್ಲಿತ್ತು. ‘ಪಾಕೇತೆ ಹವಾನಾ’ ಮತ್ತು ‘ಲೋಲಾ’ ಎಂಬ ಎರಡು ಸಣ್ಣ ಮೀನುದೋಣಿಗಳು ಹವಾನಾದಿಂದ ಹೊರಟಿದ್ದವು. ಒಂದರಲ್ಲಿ ಮೂವರು, ಇನ್ನೊಂದರಲ್ಲಿ ಆರು ಜನ ಆಳುಗಳು, ದೋಣಿಯಲ್ಲಿ ಹಿಡಿದ ಮೀನು, ಆಯುಧವಿಲ್ಲ. ಯುದ್ಧ ಹತ್ತಿದ್ದೇ ಅವರಿಗೆ ತಿಳಿಯದು. ಅಮೇರಿಕದ ನೌಕಾಪಡೆ ದೋಣಿಗಳನ್ನು ಹಿಡಿದು, ಶತ್ರುವಿನ ಸೊತ್ತೆಂದು ಹರಾಜು ಹಾಕಿತು. ಒಂದಕ್ಕೆ ೪೯೦ ಡಾಲರು, ಇನ್ನೊಂದಕ್ಕೆ ೮೦೦ ಡಾಲರು ಬಂತು.

ಖಟ್ಲೆ ಅಮೇರಿಕದ ಸುಪ್ರೀಮ್ ಕೋರ್ಟಿಗೆ ಹೋಯಿತು. ಮೀನುದೋಣಿಯನ್ನು ಹಿಡಿಯಬಾರದೆಂಬ ಒಪ್ಪಂದ ಆಗ ಈ ಎರಡು ದೇಶಗಳ ನಡುವೆ ಇರಲಿಲ್ಲ. ಆದ್ದರಿಂದ ರೂಢಿಯುಂಟೇ ಎಂದು ಹುಡುಕಬೇಕಾಯಿತು. ನ್ಯಾಯಮೂರ್ತಿ ಗ್ರೇ ಅವರು ೧೪೦೩ರಲ್ಲಿ ಇಂಗ್ಲೆಂಡಿನ ನಾಲ್ಕನೆಯ ಹೆನ್ರಿ ಹೊರಡಿಸಿದ ಆಜ್ಞೆಯಿಂದ ಹಿಡಿದು, ಫ್ರಾನ್ಸಿನ ನಡೆವಳಿಕೆ, ೧೭೮೫ರಲ್ಲಿ ಅಮೇರಿಕವೂ ಪ್ರಶ್ಯವೂ ಮಾಡಿಕೊಂಡ ಒಪ್ಪಂದ, ೧೮೯೪ರ ಜಪಾನಿನ ಆಜ್ಞೆಯವರೆಗೆ ಸುಮಾರು ಐದುನೂರು ವರ್ಷಗಳ ದಾಖಲೆಯನ್ನು ಒಂದೊಂದಾಗಿ ಜೋಡಿಸಿದರು. ವಿರುದ್ಧವಾದ ಸಾಕ್ಷಿಯನ್ನೂ ಅವರು ಮುಚ್ಚಿಡಲಿಲ್ಲ. ಫ್ರೆಂಚ್ ಕ್ರಾಂತಿಯ ನಂತರದ ಯುದ್ಧಗಳಲ್ಲಿ ಇಂಗ್ಲೆಂಡು ಮೀನುದೋಣಿಗಳನ್ನು ಹಿಡಿಯಲು ಅಪ್ಪಣೆ ಕೊಟ್ಟದ್ದೂ, ಅನಂತರ ಅದನ್ನು ಹಿಂತೆಗೆದುಕೊಂಡದ್ದೂ ಆ ತೀರ್ಪಿನಲ್ಲಿದೆ. ಮೊದಲು ದಯೆಯಿಂದ ಬಿಟ್ಟದ್ದು ಕಾಲ ಕಳೆದಂತೆ ಕಟ್ಟುಪಾಡಾಗಿ ಗಟ್ಟಿಯಾಯಿತೆಂದು ಅವರ ನಿರ್ಣಯ. ೧೯೦೦ರ ಜನವರಿ ೮ರಂದು, ದೋಣಿಗಳನ್ನು ಹಿಡಿದದ್ದು ಕಾಯದೆಗೆ ವಿರುದ್ಧ, ಪರಿಹಾರ ಕೊಡಬೇಕು ಎಂದು ತೀರ್ಪಾಯಿತು. ತನ್ನದೇ ಸರಕಾರದ ನೌಕಾಪಡೆಗೆ ಎದುರಾಗಿ, ಶತ್ರುದೇಶದ ಬಡ ಬೆಸ್ತರ ಪರವಾಗಿ ಈ ತೀರ್ಪು ಬಂದಿತೆಂಬುದನ್ನು ಗಮನಿಸಬೇಕು.

ಪಂಡಿತರ ಗ್ರಂಥಗಳ ವಿಷಯದಲ್ಲಿ ಆ ತೀರ್ಪು ಒಂದು ಎಚ್ಚರಿಕೆಯನ್ನೂ ಹೇಳಿದೆ. ಕಾಯದೆ ಹೀಗಿರಬೇಕೆಂಬ ಅವರ ಬಯಕೆಗಾಗಿ ಅವುಗಳನ್ನು ನೋಡುವುದಲ್ಲ. ಕಾಯದೆ ಹೀಗಿದೆ ಎಂಬುದಕ್ಕೆ ನಂಬಲರ್ಹ ಸಾಕ್ಷಿಯೆಂದು ನೋಡಬೇಕು. ಕೇಶಿರಾಜನು ಕವಿಗಳನ್ನು ನೋಡಿದ್ದೂ ಹೀಗೆಯೇ.

೪. ನಮ್ಮ ನೆರೆಯ ಒಂದು ಖಟ್ಲೆ

ಮುಂಬಯಿಯಿಂದ ಉತ್ತರಕ್ಕೆ, ದಮಣದ ಒಳನಾಡಿನಲ್ಲಿ ದಾದ್ರಾ ಮತ್ತು ನಗರ ಹವೇಲಿ ಎಂಬ ಪ್ರದೇಶಗಳಿವೆ. ೧೯೫೪ರವರೆಗೆ ಅಲ್ಲಿ ಪೋರ್ತುಗೀಜರ ಆಡಳಿತವಿತ್ತು. ಸುತ್ತಲೂ ಭಾರತದ ನೆಲ. ಆ ವರ್ಷ ಅಲ್ಲಿಯ ಆಡಳಿತವನ್ನು ಕಿತ್ತೊಗೆಯಲಾಯಿತು. ದಮಣದಿಂದ ಅಲ್ಲಿಗೆ ಹೋಗಲು ಪೋರ್ತುಗೀಜರಿಗೆ ಭಾರತವು ದಾರಿ ಕೊಡಲಿಲ್ಲ. ೧೯೫೫ರಲ್ಲಿ ಪೋರ್ತುಗಾಲವು ಹೇಗ್ ನ್ಯಾಯಾಲಯಕ್ಕೆ ಹೋಯಿತು: ಭಾರತದ ನೆಲದ ಮೂಲಕ ಹಾದುಹೋಗುವ ಹಕ್ಕು ತನಗಿದೆ ಎಂದು.

ಈ ಖಟ್ಲೆಯಲ್ಲಿ ಪುಣೆಯ ಹಳೆಯ ಕಾಗದಗಳಿಗೆ ಮಹತ್ತ್ವ ಬಂತು. ೧೭೭೯ರಲ್ಲಿ ಪೇಶವೆಯವರೊಡನೆ ಆದ ಕರಾರು ಮತ್ತು ಅನಂತರದ ಮರಾಠಿ ಸನದುಗಳು ತನಗೆ ಆ ನೆಲದ ಒಡೆತನವನ್ನೇ ಕೊಟ್ಟವೆಂದು ಪೋರ್ತುಗಾಲದ ವಾದ. ನ್ಯಾಯಾಲಯವು ಸನದುಗಳನ್ನು ಪರೀಕ್ಷಿಸಿ, ಅವು ಕೊಟ್ಟದ್ದು ಸರಂಜಾಮು, ಅಂದರೆ ಕಂದಾಯ ಎತ್ತಿಕೊಳ್ಳುವ ಹಕ್ಕು ಮಾತ್ರ; ರಾಜ್ಯಾಧಿಕಾರವಲ್ಲ ಎಂದಿತು. ಆದರೆ ಬ್ರಿಟಿಷರು ಬಂದ ಮೇಲೆ ಪೋರ್ತುಗೀಜರ ಆಡಳಿತವನ್ನು ಒಪ್ಪಿ ನಡೆದದ್ದೂ ದಾಖಲೆಯಲ್ಲಿತ್ತು. ಅಲ್ಲಿಂದ ಮುಂದೆ ನೂರಾ ಇಪ್ಪತ್ತೈದು ವರ್ಷಗಳಿಗೂ ಮಿಕ್ಕ ನಡೆವಳಿಕೆಯನ್ನು ನ್ಯಾಯಾಲಯ ನೋಡಿತು. ಸಾಮಾನ್ಯ ಜನರು, ಮುಲ್ಕೀ ಅಧಿಕಾರಿಗಳು, ಸಾಮಾನು ಸರಂಜಾಮು ತಡೆಯಿಲ್ಲದೆ ಹಾದುಹೋಗುತ್ತಿದ್ದವು. ಸೈನಿಕರು, ಹತಾರಿನ ಪೊಲೀಸರು, ಮದ್ದುಗುಂಡು ಇವುಗಳ ವಿಷಯ ಬೇರೆ. ಅವಕ್ಕೆ ಪ್ರತಿ ಸಲವೂ ಅನುಮತಿ ಕೇಳಬೇಕಾಗಿತ್ತು. ಅನುಮತಿ ಕೇಳುವುದೆಂದರೇನು? ತನಗೆ ಹಕ್ಕಿಲ್ಲವೆಂದು ತಾನೇ ಒಪ್ಪಿಕೊಂಡಂತೆ. ನಮ್ಮ ಹಿತ್ತಲ ದಾರಿಯಲ್ಲಿ ನೆರೆಯವನು ಕೇಳದೆ ನಡೆದಾಡಿದರೆ ಒಂದು ಅರ್ಥ, “ಗಾಡಿ ಹೊಡೆಯಲೇ?” ಎಂದು ಪ್ರತಿ ಸಲ ಕೇಳಿದರೆ ಇನ್ನೊಂದು ಅರ್ಥ.

೧೯೬೦ರ ಏಪ್ರಿಲ್ ೧೨ರಂದು ತೀರ್ಪು ಬಂತು. ಜನರಿಗೂ ಸಾಮಾನಿಗೂ ಸಂಬಂಧಿಸಿದಂತೆ ಪೋರ್ತುಗಾಲಕ್ಕೆ ಹಕ್ಕಿತ್ತೆಂದು ೧೧ ಮತ, ಇಲ್ಲವೆಂದು ೪. ಸೈನ್ಯಕ್ಕೂ ಆಯುಧಕ್ಕೂ ಹಕ್ಕಿರಲಿಲ್ಲವೆಂದು ೮ ಮತ, ಇತ್ತೆಂದು ೭. ಆಗಿನ ಉದ್ವೇಗದ ಪರಿಸ್ಥಿತಿಯಲ್ಲಿ ದಾರಿ ನಿಲ್ಲಿಸಿದ ಭಾರತವು ತನ್ನ ಕರ್ತವ್ಯವನ್ನು ಮೀರಲಿಲ್ಲವೆಂದು ೯ ಮತ, ಮೀರಿತೆಂದು ೬.

ಈ ಅಂಕಿಗಳು ನಮ್ಮ ಪ್ರಶ್ನೆಗೆ ಎರಡು ಪಾಠ ಹೇಳುತ್ತವೆ. ನಿರ್ಣಯ ನಡೆದದ್ದು ಕಾಗದಪತ್ರ ಮತ್ತು ನಡೆವಳಿಕೆಯ ಸಾಕ್ಷಿಯ ಮೇಲೆ. ಆದರೆ ಅದೇ ಸಾಕ್ಷಿಯನ್ನು ನೋಡಿದ ಹದಿನೈದು ಜನ ಪಂಡಿತರು ಎಂಟು-ಏಳು ಎಂದು ಒಡೆದರು. ಗಣಿತದಲ್ಲಿ ಹೀಗಾಗುವುದಿಲ್ಲ.

೫. ಸರಿಸಮ ಮತ, ಮತ್ತು ಆಮೇಲಿನ ತಿದ್ದುಪಡಿ

ಇನ್ನೂ ಕಠಿಣವಾದ ಖಟ್ಲೆ ‘ಲೋಟಸ್’ ಎಂಬ ಹಡಗಿನದು. ೧೯೨೬ರ ಆಗಸ್ಟ್ ೨ರ ರಾತ್ರಿ ಈ ಫ್ರೆಂಚ್ ಟಪಾಲು ಹಡಗು ತುರ್ಕಸ್ತಾನದ ‘ಬೋಜ್‌ಕುರ್ತ್’ ಎಂಬ ಕಲ್ಲಿದ್ದಲು ಹಡಗಿಗೆ ನಡುಸಮುದ್ರದಲ್ಲಿ ಡಿಕ್ಕಿ ಹೊಡೆಯಿತು. ತುರ್ಕಿ ಹಡಗು ಮುಳುಗಿ ಎಂಟು ಜನ ಸತ್ತರು. ಲೋಟಸ್ ಇಸ್ತಾಂಬೂಲಿಗೆ ಬಂದ ಮೇಲೆ, ಪಾಳಿಯ ಮೇಲಿದ್ದ ಫ್ರೆಂಚ್ ಅಧಿಕಾರಿಯನ್ನು ತುರ್ಕಿಯವರು ಹಿಡಿದು ವಿಚಾರಣೆ ಮಾಡಿ ಶಿಕ್ಷೆ ಕೊಟ್ಟರು. ಹಡಗು ಯಾರ ಧ್ವಜದ್ದೋ ಅವರಿಗೆ ಮಾತ್ರ ಅಧಿಕಾರವೆಂದು ಫ್ರಾನ್ಸು ವಾದಿಸಿತು. ಇಂಥ ಸಂದರ್ಭಗಳಲ್ಲಿ ಬೇರೆ ದೇಶಗಳು ಸಾಮಾನ್ಯವಾಗಿ ಖಟ್ಲೆ ಹಾಕುವುದಿಲ್ಲವೆಂದು ತೋರಿಸಿತು. ಖಟ್ಲೆ ಹಾಕದೆ ಇದ್ದದ್ದು ನಿಜವಿರಬಹುದು. ಹಾಕಬಾರದೆಂಬ ಕರ್ತವ್ಯಬುದ್ಧಿಯಿಂದ ಹಾಗೆ ಇದ್ದರೆಂಬುದಕ್ಕೆ ಸಾಕ್ಷಿ ಎಲ್ಲಿ, ಎಂದು ಆಗಿನ ಕಾಯಂ ನ್ಯಾಯಾಲಯ ಕೇಳಿತು. ಏಕಾದಶಿಯ ಎರಡನೆಯ ಉಪವಾಸಿಯ ಕಥೆಯೇ ಇದು! ೧೯೨೭ರ ಸೆಪ್ಟೆಂಬರ್ ೭ರಂದು ಮತಗಳು ಆರು-ಆರು ಆಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ತುರ್ಕಸ್ತಾನ ಗೆದ್ದಿತು.

ಆರು-ಆರು ಆದ ಮೇಲೆ ಇದೆಂಥ ಶಾಸ್ತ್ರವೆಂದು ಯಾರಾದರೂ ನಗಬಹುದು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಒಂದೇ ಅಪಘಾತಕ್ಕೆ ಎರಡು ದೇಶಗಳ ಸೆರೆಮನೆಯ ಭಯವಿದ್ದರೆ ಹಡಗಿನವರು ಕೆಲಸ ಮಾಡುವುದು ಹೇಗೆ? ಆದ್ದರಿಂದ ೧೯೫೨ರಲ್ಲಿ ಬ್ರಸೆಲ್ಸಿನ ಒಪ್ಪಂದ, ೧೯೫೮ರಲ್ಲಿ ಜಿನೀವಾದ ಒಪ್ಪಂದ, ಕೊನೆಗೆ ೧೯೮೨ರ ಸಮುದ್ರ ಕಾಯದೆಯ ಒಪ್ಪಂದದ ೯೭ನೆಯ ಕಲಮು ಇವುಗಳಲ್ಲಿ ನಿಯಮವನ್ನು ಸ್ಪಷ್ಟವಾಗಿ ಬರೆದರು. ನಡುಸಮುದ್ರದ ಡಿಕ್ಕಿಯಲ್ಲಿ ಹಡಗಿನವನ ಮೇಲೆ ಖಟ್ಲೆ ಹಾಕುವ ಅಧಿಕಾರ ಹಡಗಿನ ಧ್ವಜದ ದೇಶಕ್ಕೆ, ಇಲ್ಲವೇ ಅವನ ಸ್ವಂತ ದೇಶಕ್ಕೆ ಮಾತ್ರ. ತೀರ್ಪು ಒಂದು ಕೊರತೆಯನ್ನು ಬೆಳಕಿಗೆ ತಂದಿತು, ಕೊರತೆಯನ್ನು ತುಂಬಿದರು.

ಈ ಕಲಮು ನಮ್ಮ ದೇಶದ ಎದುರಿಗೂ ಬಂತು. ೨೦೧೨ರ ಫೆಬ್ರುವರಿ ೧೫ರಂದು ಕೇರಳದ ಕರಾವಳಿಯಿಂದ ಸುಮಾರು ಇಪ್ಪತ್ತು ನೌಕಾ ಮೈಲಿಯಾಚೆ, ‘ಎನ್ರಿಕಾ ಲೆಕ್ಸಿ’ ಎಂಬ ಇಟಲಿಯ ತೈಲಹಡಗಿನ ಮೇಲಿದ್ದ ಇಬ್ಬರು ನೌಕಾ ಸೈನಿಕರು ಮೀನುಗಾರರನ್ನು ಕಡಲುಗಳ್ಳರೆಂದು ತಿಳಿದು ಗುಂಡು ಹಾರಿಸಿದರು. ಇಬ್ಬರು ಭಾರತೀಯ ಮೀನುಗಾರರು ಸತ್ತರು. ಇಟಲಿ ೯೭ನೆಯ ಕಲಮನ್ನು ಮುಂದೆ ಮಾಡಿತು. ಗುಂಡು ಹಾರಿಸುವುದು ಹಡಗು ನಡೆಸುವಾಗಿನ ಅಪಘಾತವಲ್ಲ, ಆ ಕಲಮು ಇಲ್ಲಿ ಅನ್ವಯಿಸದೆಂದು ೨೦೨೦ರಲ್ಲಿ ಪಂಚ ನ್ಯಾಯಮಂಡಲಿ ಹೇಳಿತು. ಭಾರತದ ದೋಣಿಯ ಸಂಚಾರ ಸ್ವಾತಂತ್ರ್ಯಕ್ಕೆ ಇಟಲಿ ಭಂಗ ತಂದಿತೆಂದೂ ಪರಿಹಾರ ಕೊಡಬೇಕೆಂದೂ ತೀರ್ಮಾನಿಸಿತು. ಆದರೆ ಸೈನಿಕರು ತಮ್ಮ ಸರಕಾರದ ಅಧಿಕಾರಿಗಳಾಗಿ ಕೆಲಸ ಮಾಡಿದ್ದರಿಂದ ಭಾರತದ ಕೋರ್ಟಿನಲ್ಲಿ ಅವರನ್ನು ವಿಚಾರಿಸುವಂತಿಲ್ಲವೆಂದು ಮೂರು-ಎರಡು ಮತದಿಂದ ಹೇಳಿತು. ೨೦೨೧ರ ಜೂನ್‌ನಲ್ಲಿ ಹತ್ತು ಕೋಟಿ ರೂಪಾಯಿ ಪರಿಹಾರ ಸಂದ ಮೇಲೆ ನಮ್ಮ ಸುಪ್ರೀಮ್ ಕೋರ್ಟು ಖಟ್ಲೆಯನ್ನು ಮುಗಿಸಿತು. ಸತ್ತವರ ಮನೆಯವರಿಗೆ ಇದು ಪೂರ್ಣ ನ್ಯಾಯವೇ? ಅದಕ್ಕೆ ಉತ್ತರ ಶಾಸ್ತ್ರದಲ್ಲಿಲ್ಲ. ಯಾವ ಮೆಟ್ಟಿಲಲ್ಲಿ ಯಾವ ಕಾರಣದಿಂದ ಗೆಲುವು ಸೋಲು ಬಂತೆಂಬುದನ್ನು ಮಾತ್ರ ಅದು ತೆರೆದು ತೋರಿಸುತ್ತದೆ.

೬. ಮುರಿದರೆ ನಿಯಮ ಸುಳ್ಳಾಗುವುದೇ?

ಈಗ ದೊಡ್ಡ ಆಕ್ಷೇಪಣೆಗೆ ಬರೋಣ. ಮೇಲಕ್ಕೆ ಎಸೆದ ಕಲ್ಲು ಕೆಳಗೆ ಬೀಳದೆ ಆಕಾಶದಲ್ಲಿಯೇ ನಿಂತರೆ ತಪ್ಪು ಕಲ್ಲಿನದಲ್ಲ, ಭೌತಶಾಸ್ತ್ರದ ನಿಯಮದ್ದು. ಆದರೆ ಒಂದು ರಾಷ್ಟ್ರ ನೆರೆಯ ರಾಷ್ಟ್ರದ ಮೇಲೆ ಏರಿಹೋದರೆ ತಪ್ಪು ನಿಯಮದ್ದಲ್ಲ, ಆ ರಾಷ್ಟ್ರದ್ದು. ಈ ಕಾರಣದಿಂದ ಅಂತರರಾಷ್ಟ್ರೀಯ ಕಾಯದೆ ಭೌತಶಾಸ್ತ್ರದಂಥ ವಿಜ್ಞಾನ ಎಂದಿಗೂ ಆಗಲಾರದು. ನಾಳೆ ಯಾವ ದೇಶ ಏನು ಮಾಡುತ್ತದೆಂದು ಮೊದಲೇ ಹೇಳುವುದು ಅದರ ಕೆಲಸವಲ್ಲ.

ಆ ಕೆಲಸಕ್ಕೆ ಬೇರೆ ವಿದ್ಯೆಯಿದೆ. ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ನೋಡಿರಿ. ಅದರ ಹಸ್ತಪ್ರತಿ ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದು, ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, ೧೯೦೯ರಲ್ಲಿ ಅಚ್ಚಾಯಿತು. ಗಡಿಗೆ ತಾಗಿದ ಅರಸು ಶತ್ರು, ಅವನಾಚೆಯ ಅರಸು ಮಿತ್ರ ಎಂಬ ಮಂಡಲದ ಲೆಕ್ಕವೂ, ಸಂಧಿ ವಿಗ್ರಹಾದಿ ಆರು ಉಪಾಯಗಳೂ ಅದರಲ್ಲಿವೆ. ಅರಸರು ಹೇಗೆ ನಡೆಯುತ್ತಾರೆ, ಗೆಲ್ಲಬೇಕಾದರೆ ಹೇಗೆ ನಡೆಯಬೇಕು ಎಂಬುದು ಅದರ ವಿಚಾರ. ಯಾವುದಕ್ಕೆ ಕಟ್ಟುಬಿದ್ದಿದ್ದಾರೆಂಬುದು ಅಂತರರಾಷ್ಟ್ರೀಯ ಕಾಯದೆಯ ವಿಚಾರ. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ.

ಹಾಗಾದರೆ ಇಲ್ಲಿ ಪರೀಕ್ಷೆಗೆ ಒಳಪಡುವುದು ಯಾವುದು? “ನಿಯಮ ಇಂಥದು” ಎಂಬ ಹೇಳಿಕೆ. ಯಾರೇ ಆಗಲಿ ಹಾಗೆ ಹೇಳಿದರೆ, ಒಪ್ಪಂದದ ಪಾಠವನ್ನೂ ನಡೆವಳಿಕೆಯ ದಾಖಲೆಯನ್ನೂ ತೆಗೆದು ತಾಳೆ ನೋಡಬಹುದು. ತಾಳೆ ಬೀಳದಿದ್ದರೆ ಹೇಳಿಕೆ ಬಿತ್ತು. ಕಿರ್ದಿಯನ್ನೂ ಖಾತೆಯನ್ನೂ ಬೇರೊಬ್ಬ ಗುಮಾಸ್ತ ಕೂಡಿಸಿ ನೋಡಬಹುದಾದಂತೆ, ಒಬ್ಬ ಪಂಡಿತನ ಲೆಕ್ಕವನ್ನು ಇನ್ನೊಬ್ಬನು ನೋಡಬಹುದು.

ಮುರಿದವರ ಮಾತನ್ನು ಪರೀಕ್ಷಿಸುವ ಉಪಾಯವೂ ಇದೆ. ೧೯೮೬ರ ಜೂನ್ ೨೭ರಂದು ಹೇಗ್ ನ್ಯಾಯಾಲಯವು ನಿಕರಾಗುವ ಎಂಬ ಸಣ್ಣ ದೇಶದ ಪರವಾಗಿ, ಅಮೇರಿಕಕ್ಕೆ ವಿರುದ್ಧವಾಗಿ ತೀರ್ಪು ಕೊಟ್ಟಿತು. ಆಗ ಒಂದು ಸೂಕ್ಷ್ಮವನ್ನು ವಿವರಿಸಿತು. ನಿಯಮ ಮುರಿದ ರಾಷ್ಟ್ರವು “ಇಂಥ ನಿಯಮವೇ ಇಲ್ಲ” ಎನ್ನದೆ, ನಿಯಮದೊಳಗಿನ ಯಾವುದೋ ವಿನಾಯಿತಿಯನ್ನು ಹೇಳಿ ಸಮರ್ಥಿಸಿಕೊಂಡರೆ, ಅದು ನಿಯಮವನ್ನು ಗಟ್ಟಿಗೊಳಿಸಿದಂತೆಯೇ ಹೊರತು ಸಡಿಲಿಸಿದಂತಲ್ಲ. ತಡವಾಗಿ ಬಂದವನು “ಗಾಡಿ ತಪ್ಪಿತು ಸಾಹೇಬರೇ” ಎಂದು ಕಾರಣ ಹೇಳಿದರೆ, ಹೊತ್ತಿಗೆ ಸರಿಯಾಗಿ ಬರಬೇಕೆಂಬ ನಿಯಮವನ್ನು ಒಪ್ಪಿಯೇ ಹೇಳುತ್ತಾನೆ. ಅಮೇರಿಕವು ಆ ತೀರ್ಪನ್ನು ಪಾಲಿಸಲಿಲ್ಲ. ಭದ್ರತಾ ಮಂಡಲಿಯಲ್ಲಿ ತನ್ನ ವೀಟೋ ಹಾಕಿತು. ಇದು ಪಾಲನೆಯ ಸೋಲು. ಶಾಸ್ತ್ರದ ಸೋಲು ಬೇರೆ, ಪಾಲನೆಯ ಸೋಲು ಬೇರೆ. ವೈದ್ಯನ ಮಾತು ಕೇಳದೆ ರೋಗಿ ಸತ್ತರೆ ವೈದ್ಯಶಾಸ್ತ್ರ ಸುಳ್ಳಾಗುವುದಿಲ್ಲ, ರೋಗಿಯಂತೂ ಉಳಿಯುವುದಿಲ್ಲ. ಎರಡೂ ನಿಜ, ಎರಡನ್ನೂ ಹೇಳಬೇಕು.

೭. ಶಾಸ್ತ್ರದ ಕುಂದು

ತಕ್ಕಡಿ ಯಾರ ಕೈಯಲ್ಲಿತ್ತು ಎಂದು ಕೇಳದೆ ತೂಕವನ್ನು ನಂಬಬಾರದು. ಗ್ರೋಶಿಯಸ್ ೧೬೦೯ರಲ್ಲಿ ‘ಸ್ವತಂತ್ರ ಸಮುದ್ರ’ ಎಂಬ ಅರ್ಥದ ಹೆಸರಿನ ಚಿಕ್ಕ ಪುಸ್ತಕ ಪ್ರಕಟಿಸಿದನು. ಸಮುದ್ರ ಯಾರ ಸೊತ್ತೂ ಅಲ್ಲ ಎಂದು ಅದರ ಸಾರ. ಆಗ ಪೋರ್ತುಗೀಜರು ಹಿಂದೂ ಸಾಗರವನ್ನು ತಮ್ಮದೆಂದು ಹೇಳಿ, ನಮ್ಮ ಪಶ್ಚಿಮ ಕರಾವಳಿಯ ಹಡಗುಗಳೂ ಅವರ ‘ಕಾರ್ತಾಜ್’ ಎಂಬ ರಹದಾರಿ ಪಡೆಯಬೇಕೆಂದು ಪೀಡಿಸುತ್ತಿದ್ದರು. ಆದ್ದರಿಂದ ಪುಸ್ತಕದ ತತ್ತ್ವ ಒಳ್ಳೆಯದೇ. ಆದರೆ ಅದನ್ನು ಬರೆದವನು ಡಚ್ ಈಸ್ಟ್ ಇಂಡಿಯಾ ಕಂಪನಿಯ ಪರ ವಕೀಲ. ಮುಂದೆ ೧೬೧೩ರಲ್ಲಿ ಡಚ್ಚರು ತಾವೇ ಸಂಬಾರ ದ್ವೀಪಗಳ ವ್ಯಾಪಾರಕ್ಕೆ ಬೇಲಿ ಹಾಕಿದಾಗ, ಇಂಗ್ಲಿಷರು ಆ ಪುಸ್ತಕದ ವಾದವನ್ನೇ ಅವರ ಎದುರು ಹಿಡಿದರು. ಡಚ್ಚರ ಪರವಾಗಿ ಮಾತಿಗೆ ಹೋದವರಲ್ಲಿ ಗ್ರೋಶಿಯಸನೂ ಇದ್ದನು! ಸ್ವಾರ್ಥಕ್ಕಾಗಿ ಹೇಳಿದ ನಿಯಮವೂ ಒಮ್ಮೆ ಲೋಕದ ಮುಂದೆ ಬಂದ ಮೇಲೆ ಹೇಳಿದವನನ್ನೇ ಕಟ್ಟಿಹಾಕುತ್ತದೆ. ಈ ಶಾಸ್ತ್ರದ ಕುಂದೂ ಬಲವೂ ಒಂದೇ ಕಥೆಯಲ್ಲಿ ಕಾಣುತ್ತವೆ.

೩೮ನೆಯ ಕಲಮಿನಲ್ಲಿಯೇ ಸಾಮಾನ್ಯ ತತ್ತ್ವಗಳನ್ನು ಹೇಳುವಾಗ ‘ಸುಸಂಸ್ಕೃತ ರಾಷ್ಟ್ರಗಳು’ ಎಂಬ ಮಾತಿದೆ. ಯಾರನ್ನು ಸುಸಂಸ್ಕೃತರೆಂದು ಎಣಿಸುತ್ತಿದ್ದರೆಂಬುದನ್ನು ಪರಾಧೀನರಾಗಿದ್ದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅರ್ಧ ಲೋಕದ ನಡೆವಳಿಕೆಯನ್ನು ಬಿಟ್ಟು ಕಟ್ಟಿದ ರೂಢಿ ಅರ್ಧ ಲೆಕ್ಕದ ಖಾತೆಯಂತೆ. ೧೯೪೫ರಲ್ಲಿ ಸಂಯುಕ್ತ ರಾಷ್ಟ್ರ ಸಂಘ ಹುಟ್ಟಿದಾಗ ಸದಸ್ಯರು ೫೧, ಈಗ ೧೯೩. ತಿದ್ದುಪಡಿಯ ಕೆಲಸದಲ್ಲಿ ನಮ್ಮವರೂ ಇದ್ದರು. ೧೮೮೭ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ನಮ್ಮ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು ೧೯೪೯ರಲ್ಲಿ ಕೆಲಸ ಆರಂಭಿಸಿದ ಅಂತರರಾಷ್ಟ್ರೀಯ ಕಾಯದೆ ಆಯೋಗದ ಮೊದಲ ಸದಸ್ಯರಲ್ಲಿ ಒಬ್ಬರು. ೧೯೫೨ರಲ್ಲಿ ಹೇಗ್ ನ್ಯಾಯಾಲಯದ ನ್ಯಾಯಾಧೀಶರಾಗಿ, ೧೯೫೩ರಲ್ಲಿ ತೀರಿಕೊಂಡರು.

೮. ನಮಗೆ ಇದರಿಂದೇನು?

ನಮ್ಮಲ್ಲಿ ಅನೇಕರ ಅಣ್ಣತಮ್ಮಂದಿರು ಹಡಗಿನಲ್ಲಿದ್ದಾರೆ, ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ಪರದೇಶದಲ್ಲಿ ಸೆರೆ ಸಿಕ್ಕಿದವನಿಗೆ, ತನ್ನ ದೇಶದ ಕಾನ್ಸಲ್ ಕಚೇರಿಗೆ ಸುದ್ದಿ ಮುಟ್ಟಿಸಿರೆಂದು ಕೇಳುವ ಹಕ್ಕಿದೆ. ಇದು ಯಾರ ದಯೆಯೂ ಅಲ್ಲ. ೧೯೬೩ರ ವಿಯೆನ್ನಾ ಒಪ್ಪಂದದ ೩೬ನೆಯ ಕಲಮು. ಕುಲಭೂಷಣ ಜಾಧವ್ ಖಟ್ಲೆಯಲ್ಲಿ ೨೦೧೯ರ ಜುಲೈ ೧೭ರಂದು ಹೇಗ್ ನ್ಯಾಯಾಲಯವು ಪಾಕಿಸ್ತಾನ ಈ ಕಲಮನ್ನು ಮುರಿದಿದೆಯೆಂದು ೧೫ಕ್ಕೆ ೧ ಮತದಿಂದ ಹೇಳಿತು, ಶಿಕ್ಷೆಯ ಪುನರ್ವಿಚಾರವಾಗಬೇಕೆಂದಿತು. ಬಿಡುಗಡೆಗೆ ಆಜ್ಞೆ ಕೊಡಲಿಲ್ಲ. ಹಕ್ಕು ಎಲ್ಲಿಯವರೆಗೆ ಉಂಟು, ಎಲ್ಲಿಂದ ಇಲ್ಲ ಎಂಬ ಗಡಿಗಲ್ಲು ಇದು.

ಆದ್ದರಿಂದ ನಮ್ಮ ಪ್ರಶ್ನೆಗೆ ಉತ್ತರವನ್ನು ಹೀಗೆ ಕೂಡಿಸಬಹುದು. ಕಾಯದೆ ತಾನೇ ವಿಜ್ಞಾನವಲ್ಲ, ಅದು ಮನುಷ್ಯರ ಕಟ್ಟುಪಾಡು. ಆ ಕಟ್ಟುಪಾಡು ಯಾವುದೆಂದು ಸಾಕ್ಷಿಯಿಂದ ಹುಡುಕುವ ವಿದ್ಯೆಗೆ ಶಾಸ್ತ್ರವೆಂಬ ಹೆಸರು ಸಲ್ಲುತ್ತದೆ. ಅದು ನಿಖರತೆಯಲ್ಲಿ ಗಣಿತಕ್ಕಿಂತ ಕೆಳಗೆ, ಬರಿಯ ಅಭಿಪ್ರಾಯಕ್ಕಿಂತ ಮೇಲೆ ನಿಲ್ಲುತ್ತದೆ. ಅದು ಏನೂ ಅಲ್ಲವೆಂದರೆ ಬಲವಿಲ್ಲದವನ ಕೈಯಲ್ಲಿದ್ದ ಒಂದೇ ಕಾಗದವನ್ನು ನಾವೇ ಹರಿದಂತೆ. ಅದು ಸರ್ವಜ್ಞವೆಂದರೆ ಯಾವ ವಕ್ತಾರನು ಏನು ಹೇಳಿದರೂ ತಲೆಯಾಡಿಸಬೇಕಾದೀತು. ಮುಂದೆ ಪತ್ರಿಕೆಯಲ್ಲಿ ಆ ಮಾತು ಕಂಡಾಗ ಮೂರು ಪ್ರಶ್ನೆ ಕೇಳಿರಿ: ಯಾವ ಒಪ್ಪಂದ, ಯಾವ ಕಲಮು? ಒಪ್ಪಂದವಿಲ್ಲವಾದರೆ ಯಾರ ರೂಢಿ, ಎಷ್ಟು ಕಾಲದ್ದು? ಎದುರು ಪಕ್ಷದವರು ನಿಯಮವನ್ನೇ ಅಲ್ಲಗಳೆಯುತ್ತಾರೋ, ಬರಿಯ ನೆವ ಹೇಳುತ್ತಾರೋ?

ಅಭ್ಯಾಸಕ್ಕೆ ಪ್ರಶ್ನೆಗಳು

೧. ಶಾಸನ, ಶಾಸ್ತ್ರ, ವಿಜ್ಞಾನ—ಈ ಮೂರಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಉದ್ಯೋಗದೊಳಗಿನ ಉದಾಹರಣೆಯಿಂದ ವಿವರಿಸಿರಿ.

೨. ಮೀನುದೋಣಿಗಳ ಖಟ್ಲೆಯಲ್ಲಿ ವಿರುದ್ಧ ಸಾಕ್ಷಿಯನ್ನು ಬಿಟ್ಟಿದ್ದರೆ ತೀರ್ಪಿನ ಬೆಲೆ ಹೇಗೆ ಕಡಿಮೆಯಾಗುತ್ತಿತ್ತು?

೩. ಲೋಟಸ್ ತೀರ್ಪಿನಲ್ಲಿ ನೀವು ಹದಿಮೂರನೆಯ ನ್ಯಾಯಾಧೀಶರಾಗಿದ್ದರೆ ಯಾವ ಕಡೆ ಮತ ಕೊಡುತ್ತಿದ್ದಿರಿ? ಕಾರಣ ಬರೆಯಿರಿ.

೪. ಈ ವಾರದ ಯಾವುದಾದರೂ ಪತ್ರಿಕೆಯಿಂದ ಅಂತರರಾಷ್ಟ್ರೀಯ ಕಾಯದೆಯ ಹೆಸರು ಬಂದ ಒಂದು ಸುದ್ದಿಯನ್ನು ಆರಿಸಿ, ಮೇಲಿನ ಮೂರು ಪ್ರಶ್ನೆಗಳನ್ನು ಅದಕ್ಕೆ ಹಚ್ಚಿ ನೋಡಿರಿ.